ಚಾಪೆ ಹಾಸಿದ ಮೆಟ್ಟಿಲು

ಗಂಗೊಳ್ಳಿಯಲ್ಲಿ ಭೋಜರಾಜ ಶೆಟ್ಟರ ಬಾಡಿಗೆ ಮನೆಯಲ್ಲಿದ್ದಾಗ ನಿಶ್ಮಿತಾಳ ಅತ್ತೆ ಒಡೆದ ಮೆಟ್ಟಿಲಿನಿಂದ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದರು. ಆ ಮೆಟ್ಟಿಲನ್ನು ಸರಿಮಾಡಿಸಿ ಎಂದು ನಿಶ್ಮಿತಾ ಮೊದಲೇ ಹತ್ತು ಸಲ ಕೇಳಿದ್ದಳು. ಅತ್ತೆ ಬಿದ್ದ ಮೇಲೂ ಶೆಟ್ಟರು, "ಕಣ್ಣ್ ಕಾಣ್ದಿರೆ ಮೆಟ್ಲ್ ಎಂತ ಮಾಡುತ್ತ್?" ಎಂದು ನಕ್ಕಿದ್ದರು.

ಆ ನಗುವನ್ನು ಅವಳು ಮರೆಯಲಿಲ್ಲ. ಬಸ್ರೂರಿಗೆ ಮನೆ ಬದಲಿಸಿದ ಮೇಲೂ ಆ ಹಳೆಯ ಮನೆಯ ಬಗ್ಗೆ ಗಂಗೊಳ್ಳಿ ಪಂಚಾಯತಿಗೆ ಅರ್ಜಿಯ ಮೇಲೆ ಅರ್ಜಿ ಕೊಟ್ಟಳು. ಕೊನೆಗೆ ಅಧಿಕಾರಿ ಅಲ್ಲಿಗೆ ಪರಿಶೀಲನೆಗೆ ಬಂದ ದಿನ ತಾನೂ ಹೋಗಿ ನಿಂತಳು. ಶೆಟ್ಟರು ಗೋಡೆಗೆಲ್ಲ ಹೊಸ ಬಣ್ಣ ಹೊಡೆಸಿ, ಮೆಟ್ಟಿಲ ಮೇಲೆ ಚಾಪೆ ಹಾಸಿದ್ದರು. ಅಧಿಕಾರಿ ಎಲ್ಲ ಸರಿಯಿದೆ ಎಂಬಂತೆ ತಲೆಯಾಡಿಸಿ ಹೊರಡಲು ತಿರುಗಿದರು.

"ಆ ಚಾಪೆ ಎತ್ತಿ ಕಾಣಿ ಸರ್. ಮಾಡಿನ ಪಕಾಸಿಗೂ ಒಂದ್ ಕೋಲ್ ಕುತ್ತಿ ಕಾಣಿ" ಎಂದಳು ನಿಶ್ಮಿತಾ.

ಚಾಪೆಯಡಿ ಮೆಟ್ಟಿಲು ಒಡೆದೇ ಇತ್ತು. ಛಾವಣಿಯ ಪಕಾಸಿಗೆ ಕೋಲು ತಾಗಿದ್ದೇ ತಡ, ಗೆದ್ದಲು ತಿಂದ ಮರದ ಪುಡಿ ಶೆಟ್ಟರ ಬಿಳಿ ಅಂಗಿಯ ಮೇಲೆ ಉದುರಿತು. ದುರಸ್ತಿಯಾಗುವವರೆಗೆ ಯಾರಿಗೂ ಬಾಡಿಗೆಗೆ ಕೊಡಬಾರದೆಂದು ಅಧಿಕಾರಿ ಬಾಗಿಲಿಗೆ ನೋಟಿಸು ಅಂಟಿಸಿದರು.

"ಇದ್ರಿಂದ ನಿಂಗೆ ಎಂತ ಸಿಕ್ತ್?" ಎಂದರು ಶೆಟ್ಟರು.

"ನಿಮ್ಮ್ ಮೋರೆ ಕಾಂಬುಕೆ ಸಿಕ್ತ್, ಸಾಕ್."

ಮನೆಗೆ ಬಂದು ಮಂಚದಲ್ಲಿದ್ದ ಅತ್ತೆಗೆ ಎಲ್ಲವನ್ನೂ ಹೇಳಿದಳು. ಅತ್ತೆ ದಿಂಬಿಗೆ ಒರಗಿ ಕೇಳಿಸಿಕೊಂಡರು.

"ಇನ್ನೊಂದ್ ಸಲ ಹೇಳ್ ಹೆಣ್ಣೇ, ಸಾವ್ಕಾಶ ಹೇಳ್" ಎಂದರು.