ಅಕ್ಕಡಿ ಸಾಲಿನ ಅವರೆ

ಸೊಗಡಿನ ಅವರೆಕಾಯಿ ಬಿಡಿಸಿದಾಗ ಬೆರಳಿಗೆ ಅಂಟುವ ವಾಸನೆಯೇ ಪ್ರತಿಮಾಗೆ ಕಲ್ಯ ಎಂಬ ಊರಿನ ಅಜ್ಜಿಯ ವಾಸನೆಯಾಗಿತ್ತು. ರಾಗಿ ಹೊಲದ ನಡುವೆ ಅವರೆ, ತೊಗರಿ ಹಾಕುವ ಅಕ್ಕಡಿ ಸಾಲುಗಳೆಲ್ಲ ಅಜ್ಜಿಯವು. ಅಲ್ಲಿ ಏನು ಬಿತ್ತಬೇಕು, ಯಾವಾಗ ಕೀಳಬೇಕು ಎಂದು ಅಜ್ಜ ಒಂದು ದಿನವೂ ಕೇಳಿದವರಲ್ಲ.

ಆ ಸಾಲುಗಳೇ ಅವಳನ್ನು ಕೃಷಿ ಸಂಶೋಧನೆಗೆ ಕರೆತಂದವು. ಮಳೆ ಕೈಕೊಟ್ಟರೂ ಅಕ್ಕಡಿ ಹೊಲ ಮನೆ ಸಾಕುತ್ತದೆ ಎಂದು ತೋರಿಸಲು ಈ ವರ್ಷ ಸಾತನೂರಿನ ಹತ್ತಿರ ಬೋರಲಿಂಗಯ್ಯನವರ ಹೊಲದಲ್ಲಿ ಪ್ರಯೋಗ ಹೂಡಿದ್ದಳು. ರಾಗಿ ಕೊಯ್ದು ತೂಗಿ ಆಗಿತ್ತು. ಅವರೆ ಗಿಡದಲ್ಲೇ ಒಣಗಿದ ಮೇಲೆ ಅದನ್ನೂ ತೂಗಿದರೆ ಮುಗಿಯಿತು. ಅವಳ ಕೆಲಸ ಮುಂದುವರಿಯುವುದು ಆ ತೂಕದ ಮೇಲೆಯೇ ನಿಂತಿತ್ತು.

ಆ ಬೆಳಿಗ್ಗೆ ತನ್ನ ಸಂಶೋಧನಾ ಸಂಸ್ಥೆಯ ಹಿರಿಯರನ್ನು ಹೊಲಕ್ಕೆ ಕರೆತಂದಳು. ಸಾಲುಗಳಲ್ಲಿ ಬಲಿತ ಕಾಯಿ ಒಂದೂ ಇರಲಿಲ್ಲ.

“ಯಾರ್ರೀ ಈ ಕಳ್ಳತನ ಮಾಡಿದ್ದು?” ಎಂದು ಕೂಗಿಬಿಟ್ಟಳು.

ಬೋರಲಿಂಗಯ್ಯನವರ ಹೆಂಡತಿ ವರಲಕ್ಷ್ಮಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. “ನಾನೇ ಕಣವ್ವ ಕಿತ್ತಿದ್ದು. ನಮ್ ಅಕ್ಕಡಿ ಸಾಲಿಗೆ ನಾನೇ ಕಳ್ಳಿಯಾ?”

“ಕೀಳಬೇಡಿ ಅಂತ ನಿಮ್ಮ ಯಜಮಾನರಿಗೆ ಹೇಳಿದ್ನಲ್ಲಮ್ಮ!”

“ನಂಗ್ಯಾರೂ ಹೇಳ್ನಿಲ್ಲ.”

ಬೋರಲಿಂಗಯ್ಯ ತಲೆ ಕೆರೆದುಕೊಂಡರು. “ನೀವ್ ಹೇಳಿದ್ದು ದಿಟ ಮೇಡಂ. ಅಕ್ಕಡಿ ವಿಸ್ಯಕ್ಕೆ ನಾನು ಬಾಯಾಕಿದ್ರೆ ನಂಗೆ ಮುದ್ದೆ ಸಿಕ್ತದಾ? ಸುಮ್ಕಿದ್ಬುಟ್ಟೆ. ನಿಮ್ ಸಾಹೇಬ್ರು ಬತ್ತಾರೆ ಅಂದ್ರಲ್ಲ, ಹಿತುಕವರೆ ಸಾರು ಮಾಡಾನ ಅಂತ ಕಿತ್ತವ್ಳೆ.”

ಬಂದವರು ನಕ್ಕರು. ಅವರಲ್ಲಿ ಹಿರಿಯರಾದ ಅನಂತರಾಜು ಮಾತ್ರ ನಗದೆ, “ಅಕ್ಕಡಿ ಹೆಂಗಸರ ಬೆಳೆ ಅಂತ ಹೋದ ತಿಂಗಳು ನೀವೇ ಭಾಷಣ ಮಾಡಿದ್ರಿ. ಅವರನ್ನೇ ಒಂದು ಮಾತು ಕೇಳ್ಲಿಲ್ವಾ, ಪ್ರತಿಮಾ?” ಎಂದರು. ಹೊಲದ ಕಡೆ ತಿರುಗಿ, “ಈ ಹೊಲ ಇನ್ನು ಲೆಕ್ಕಕ್ಕೆ ಬರೋದಿಲ್ಲ” ಎಂದರು.

ಊಟಕ್ಕೆ ಕರೆದರೂ ನಿಲ್ಲದೆ ಅವರ ಜೀಪು ಕನಕಪುರದ ಕಡೆ ಹೊರಟಿತು. ಬಸ್ಸಿಗೆ ಬರುತ್ತೇನೆಂದು ಪ್ರತಿಮಾ ಉಳಿದಳು.

ಹಿತ್ತಲಲ್ಲಿ ಹಿತುಕಿದ ಅವರೆಯ ಸಿಪ್ಪೆ ರಾಶಿ ಬಿದ್ದಿತ್ತು. ಅಷ್ಟು ಕಾಳನ್ನು ನೆನೆಸಿ, ಒಂದೊಂದನ್ನೇ ಬೆರಳಲ್ಲಿ ಒತ್ತಿ ಸಿಪ್ಪೆಯಿಂದ ಹೊರತೆಗೆಯಬೇಕು. ಹಿತುಕಿ ಮುಗಿಯುವ ಹೊತ್ತಿಗೆ ಅಜ್ಜಿಯ ಹೆಬ್ಬೆರಳು ಸುಕ್ಕಾಗಿರುತ್ತಿದ್ದದ್ದು ಅವಳಿಗೆ ನೆನಪಾಯಿತು. ಕೈತಪ್ಪಿದ ತೂಕಕ್ಕಿಂತ, ಜನರ ಮುಂದೆ ಬಾಯಿಂದ ಜಾರಿದ ‘ಕಳ್ಳತನ’ ಎಂಬ ಆ ಒಂದು ಮಾತೇ ಅವಳನ್ನು ಸುಡುತ್ತಿತ್ತು. ಅಜ್ಜಿಗೆ ಯಾರಾದರೂ ಹಾಗೆ ಅಂದಿದ್ದರೆ?

ಜಗಲಿಗೆ ಬಂದು ಚೀಲ ಮಡಿಲಲ್ಲಿಟ್ಟುಕೊಂಡು ಕೂತಳು. ಒಳಗೆ ಹೋಗಲು ಮುಖವಿರಲಿಲ್ಲ, ಹೇಳದೆ ಹೊರಡಲು ಕಾಲು ಬರಲಿಲ್ಲ.

“ವರಲಕ್ಷ್ಮಮ್ಮ, ನಾನು…” ಎಂದಳು, ಬಾಗಿಲಲ್ಲಿ ಹೆಜ್ಜೆ ಸಪ್ಪಳವಾದಾಗ.

ವರಲಕ್ಷ್ಮಮ್ಮ ಅವಳ ಮಡಿಲಿನ ಚೀಲವನ್ನು ಎತ್ತಿ ಪಕ್ಕಕ್ಕಿಟ್ಟರು. ಬಿಸಿ ಮುದ್ದೆ, ಹಿತುಕವರೆ ಸಾರಿನ ತಟ್ಟೆಯನ್ನು ಅವಳ ಕೈಗೆ ಕೊಟ್ಟರು.