ನೇರಳೆ ಬಟ್ಟೆ ಹೊದ್ದ ಟೀವಿ

ಆರೋಗ್ಯಮ್ಮನ ಮನೆಯಲ್ಲಿ ಮರಿಯ ಮಾತೆ ಟೀವಿಯ ತಲೆಯ ಮೇಲೆ ನಿಂತಿದ್ದಳು. ಇದರಲ್ಲಿ ಯಾರ ಕೆಟ್ಟ ಬುದ್ಧಿಯೂ ಇರಲಿಲ್ಲ. ಗಂಡ ಇನ್ನಾಸಪ್ಪ ದಾವಣಗೆರೆಯ ಮಿಲ್ಲಿನ ಕೆಲಸ ಮುಗಿಸಿ ಮನೆಗೆ ಕೂತ ವರ್ಷ ಬಣ್ಣದ ಟೀವಿ ಬಂತು. ಹರಿಹರದ ಚರ್ಚಿನ ಹಿಂದಿನ ಓಣಿಯ ಆ ಪುಟ್ಟ ಮನೆಯಲ್ಲಿ ಅದನ್ನಿಡಲು ಇದ್ದದ್ದು ಒಂದೇ ಮೇಜು, ಅದು ಮಾತೆಯದು. ಮೇಜು ಟೀವಿಗೆ ಹೋಯಿತು, ಮಾತೆ ಟೀವಿಯ ಮೇಲೆ ಹತ್ತಿದಳು. ಕೆಳಗೊಂದು ಕಸೂತಿ ಬಟ್ಟೆ, ಪಕ್ಕದಲ್ಲಿ ಪ್ಲಾಸ್ಟಿಕ್ ಗುಲಾಬಿ. ನೋಡಿದವರೆಲ್ಲ ಚೆನ್ನಾಗಿದೆ ಅಂದರು, ಆರೋಗ್ಯಮ್ಮನೂ ಹೂಂ ಅಂದಳು.

ಎಡವಟ್ಟಾಗುತ್ತಿದ್ದದ್ದು ಸಂಜೆ ಜಪಸರದ ಹೊತ್ತಿಗೆ. ಮಾತೆಯ ಕಡೆ ಮುಖ ಮಾಡಿ ಮೊಣಕಾಲೂರಿದರೆ ಟೀವಿಯ ಕಡೆಗೂ ಮೊಣಕಾಲೂರಿದಂತೆಯೇ. ಓಣಿಗೆ ಕೇಬಲ್ ಬಂದ ಮೇಲಂತೂ ಕೇಳುವುದೇ ಬೇಡ. ಕ್ರಿಕೆಟ್ ಇದ್ದ ದಿನ ಇನ್ನಾಸಪ್ಪ ಟೀವಿ ಆರಿಸುತ್ತಿರಲಿಲ್ಲ, ಸದ್ದು ಮಾತ್ರ ಇಳಿಸುತ್ತಿದ್ದ. "ಬಾಯಿ ದೇವ್ರಿಗೆ ಕೊಟ್ಟೀನಿ, ಕಣ್ಣು ನಂದು" ಅನ್ನುವುದು ಅವನ ವಾದ. ಚರ್ಚಿನಲ್ಲಿ ಧರ್ಮಪಾಠ ಹೇಳುತ್ತಿದ್ದ ಉಪದೇಶಿಯ ಮಗ, ಮಾತಿನಲ್ಲಿ ಗೆಲ್ಲುವವರಿಲ್ಲ.

ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರದ ಹಿಂದಿನ ಸಂಜೆ ಜಪಸರದ ಮೂರನೆಯ ಹತ್ತು ಮಣಿಗಳ ಜಪ ನಡೆದಿತ್ತು. "ಪಾಪಿಗಳಾದ ನಮಗಾಗಿ" ಎಂದು ಶುರು ಮಾಡಿದ ಇನ್ನಾಸಪ್ಪ ಅಲ್ಲೇ ನಿಲ್ಲಿಸಿ "ಔಟ್!" ಎಂದು ಕೂಗಿದ. ಮಗಳು ಜೆಸಿಂತಾ ಚಪ್ಪಾಳೆ ತಟ್ಟಿ "ಆಮೆನ್" ಅಂದಳು.

ಆರೋಗ್ಯಮ್ಮ ಕಣ್ಣೆತ್ತಿ ನೋಡಿದಳು. ಮೇಲೆ ಮಾತೆ ಕೈ ಚಾಚಿಕೊಂಡು ಸುಮ್ಮನೆ ನಿಂತಿದ್ದಳು, ಅವಳ ಕಾಲಡಿಯಲ್ಲಿ ಯಾವನೋ ಒಬ್ಬ ಗಾಳಿಗೆ ಗುದ್ದುತ್ತ ಕುಣಿಯುತ್ತಿದ್ದ. ಇಷ್ಟು ವರ್ಷ ತಾನು ಮೊಣಕಾಲು ಸವೆಸಿದ್ದು ಯಾರ ಮುಂದೆ? ಆರೋಗ್ಯಮ್ಮನಿಗೆ ಸಿಟ್ಟಿಗಿಂತ ನಾಚಿಕೆಯೇ ಹೆಚ್ಚಾಯಿತು, ಯಾಕೆಂದರೆ ಔಟಾದವನು ಯಾರೆಂದು ಅವಳಿಗೂ ಗೊತ್ತಿತ್ತು.

ಮರುದಿನ ಪೂಜೆ ಮುಗಿಸಿ, ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದವಳು ಚಪ್ಪಲಿ ಬಿಟ್ಟವಳೇ ಸೀದಾ ಟೀವಿಯ ಹತ್ತಿರ ಹೋದಳು. ಮಾತೆಯನ್ನು ಎತ್ತಿ ಕಿಟಕಿಯ ಗೂಡಿನಲ್ಲಿಟ್ಟಳು. ಪ್ಲಗ್ ಕಿತ್ತಳು. ಪೆಟ್ಟಿಗೆಯಿಂದ ತನ್ನ ಹಳೆಯ ನೇರಳೆ ಸೀರೆ ತೆಗೆದು, ಎರಡು ಮಡಿಕೆ ಮಾಡಿ, ಟೀವಿಗೆ ನಾಲ್ಕೂ ಕಡೆ ಹೊದಿಸಿ ಹಿಂದೆ ಗಂಟು ಹಾಕಿದಳು. ಪಾಸ್ಕ ಅಂದರೆ ಈಸ್ಟರಿಗೆ ಮುಂಚಿನ ಈ ತಪಸ್ಸುಕಾಲದ ಕೊನೆಯ ವಾರಗಳಲ್ಲಿ ಚರ್ಚಿನ ಶಿಲುಬೆಗೂ ಸಂತರ ಪ್ರತಿಮೆಗಳಿಗೂ ಹೀಗೆಯೇ ನೇರಳೆ ಬಟ್ಟೆ ಹೊದಿಸುತ್ತಾರೆ.

"ಪಾಸ್ಕ ಹಬ್ಬದ ತನಕ ಇದನ್ನ ಯಾರೂ ಮುಟ್ಟಂಗಿಲ್ಲ. ಮಾತೆಗೆ ಹರಕೆ ಹೊತ್ತೀನಿ" ಅಂದಳು.

ಇನ್ನಾಸಪ್ಪ ಬೆರಳು ಮಡಿಚಿದ. "ಲೇ, ತಪಸ್ಸುಕಾಲ ಅಂದ್ರ ನಲವತ್ತು ದಿನ. ಇವತ್ತಿಂದ ಪಾಸ್ಕದ ತನಕ ಎಣಿಸಿದ್ರ ನಲವತ್ತಾರು ಆಗ್ತಾವು. ಉಳಿದ ಆರು ಯಾವು? ಭಾನುವಾರ. ಭಾನುವಾರ ಉಪವಾಸ ಇಲ್ಲ. ಶಾಸ್ತ್ರದಾಗೆ ಐತೆ. ಬೇಕಿದ್ರ ಫಾದರ್‌ನ ಕೇಳು."

"ಶಾಸ್ತ್ರ ನಿಮಗಿರ್ಲಿ. ನೀವು ಬೆಳಿಗ್ಗಿಂದ ಸಂಜಿತನ ಇದರ ಮುಂದ ಬಿದ್ಕೊಳ್ಳೋದೇ ಭಾನುವಾರ. ಅದನ್ನ ಬಿಟ್ಟು ಉಪವಾಸ ಮಾಡಿದ್ರ ಊಟ ಉಂಡು ಉಪ್ಪಿನಕಾಯಿ ಬಿಟ್ಟಂಗೆ ಆಗ್ತದ."

ಗಾದೆ ತಪ್ಪೋ ಸರಿಯೋ, ಇನ್ನಾಸಪ್ಪನ ಬಾಯಿ ಕಟ್ಟಿತು. ಆದರೆ ಜೆಸಿಂತಾಳ ಬಾಯಿ ಕಟ್ಟುವುದು ಸುಲಭವಿರಲಿಲ್ಲ. ಬಿ.ಕಾಂ. ಮುಗಿಸಿ ಟೈಪಿಂಗ್ ಕಲಿಯುತ್ತಿದ್ದ ಹುಡುಗಿ, ರಾತ್ರಿ ಎಂಟರ ಧಾರಾವಾಹಿಗಾಗಿ ಜೀವ ಹಿಡಿದುಕೊಂಡಿರುತ್ತಿದ್ದವಳು.

"ನಿನ್ನ ಉಪವಾಸಕ್ಕ ನನ್ನ ಹೊಟ್ಟಿ ಯಾಕ ಕಟ್ತಿ?" ಅಂದಳು.

ಈ ಮಾತು ಆರೋಗ್ಯಮ್ಮನಿಗೆ ನಾಟಿತು. ಆದರೂ ಗಂಟು ಬಿಚ್ಚಲಿಲ್ಲ. ಮಗಳು ಅಂದಿನಿಂದ ತಾಯಿಯ ಜೊತೆ ಬೇಕಾದಷ್ಟೇ ಮಾತಾಡತೊಡಗಿದಳು.

ಎದುರುಮನೆಯ ಗುರುಶಾಂತಮ್ಮ ಆ ದಿನವೂ ಎಂದಿನಂತೆ ಎಂಟಕ್ಕೆ ಐದು ನಿಮಿಷವಿದ್ದಾಗ ಧಾರಾವಾಹಿ ನೋಡಲು ಬಂದರು. ಆರೋಗ್ಯಮ್ಮನ ಹಣೆ ನೋಡಿ ನಕ್ಕರು. "ವರ್ಷಕ್ಕೊಂದು ದಿನ ನೀವೂ ನಮ್ಮಂಗೆ ವಿಭೂತಿ ಹಚ್ಕೊತೀರಿ ನೋಡ್ರಿ, ಆರೋಗ್ಯಮ್ಮಾರೆ." ಆಮೇಲೆ ಕಣ್ಣು ಟೀವಿಯ ಕಡೆ ಹೋಯಿತು. "ಅಯ್ಯೋ, ಇದಕ್ಕೇನಾತ್ರಿ? ಸುಟ್ಟು ಹೋತಾ?"

ಆರೋಗ್ಯಮ್ಮ ಹೇಳಿದಳು. ಗುರುಶಾಂತಮ್ಮ ಗಲ್ಲಕ್ಕೆ ಕೈಹಚ್ಚಿ ಕೇಳಿದರು. ಅವರ ಮುಖ ಸಣ್ಣಗಾದದ್ದು ನಿಜ. ಎದ್ದು ಹೋಗುತ್ತಾರೆ ಅಂದುಕೊಂಡರೆ ಹೋಗಲಿಲ್ಲ. "ನಾವು ಶ್ರಾವಣದಾಗ ಏನೇನೋ ಬಿಡ್ತೀವಿ, ಟೀವಿ ಬಿಡಾಕ ಮಾತ್ರ ಧೈರ್ಯ ಬಂದಿಲ್ಲ ತಾಯಿ" ಅಂದು, ಮನೆಗೆ ಹೋಗಿ ಒಂದು ಮೊರ ಹುಣಸೆಹಣ್ಣು ತಂದು ಅಲ್ಲೇ ಕೂತು ಬೀಜ ಬಿಡಿಸತೊಡಗಿದರು. ಮರುದಿನವೂ ಬಂದರು. ಅಷ್ಟು ವರ್ಷ ತನ್ನ ಪಕ್ಕದಲ್ಲಿ ಕೂತು ಧಾರಾವಾಹಿ ನೋಡಿದ ಹೆಂಗಸಿಗೆ ಸತ್ತುಹೋದ ಒಬ್ಬ ತಮ್ಮನಿದ್ದ ಅನ್ನುವುದು ಆರೋಗ್ಯಮ್ಮನಿಗೆ ಗೊತ್ತಾದದ್ದು ಆ ಹುಣಸೆಹಣ್ಣಿನ ಮುಂದೆ.

ಮನೆಗಳನ್ನು ಆಶೀರ್ವದಿಸುತ್ತ ಓಣಿಗೆ ಬಂದ ಫಾದರ್ ಆ ನೇರಳೆ ಗಂಟನ್ನು ನೋಡಿ ಕೀಟಲೆಗೆ ಇಳಿದರು. "ಚರ್ಚಿನಲ್ಲಿ ನಾವು ಸಂತರಿಗೆ ಬಟ್ಟೆ ಹೊದಿಸ್ತೀವಿ. ಇದು ಯಾವ ಸಂತರಮ್ಮ?"

"ಮೂರು ವರ್ಷ ಇದಕ್ಕೇ ಮೊಣಕಾಲೂರೀವಿ ಫಾದರ್. ಮುಚ್ಚೋದನ್ನಾದ್ರೂ ಮರ್ಯಾದಿಯಿಂದ ಮುಚ್ಚೋಣ ಅಂತ."

ಫಾದರ್ ನಗುತ್ತ ಬಂದವರು ನಗದೆ ಹೋದರು. ಹೋಗುವಾಗ ಇನ್ನಾಸಪ್ಪ ಭಾನುವಾರದ ಸಂಗತಿ ಕೇಳಿಯೇಬಿಟ್ಟ. ಭಾನುವಾರ ಉಪವಾಸದ ಕಟ್ಟಳೆ ಇಲ್ಲ, ನಿಜ ಅಂದರು ಅವರು. ಆದರೆ ಹರಕೆ ಹೊತ್ತವರ ಮನಸ್ಸು ಹೊತ್ತವರಿಗೇ ಬಿಟ್ಟದ್ದು ಅಂದರು. ಇನ್ನಾಸಪ್ಪ ಮೊದಲರ್ಧವನ್ನು ಮಾತ್ರ ನೆನಪಿಟ್ಟುಕೊಂಡ.

ಹೀಗಿರುವಾಗ ಜೆಸಿಂತಾಳಿಗೆ ಒಂದು ಸಂಬಂಧ ಬಂತು. ದಾವಣಗೆರೆಯ ನಿಟ್ಟುವಳ್ಳಿಯ ಚೌರಪ್ಪನ ಮಗ ಬೆನೆಡಿಕ್ಟ್. ಒಳ್ಳೆಯ ಮನೆತನ, ಕುಡಿತವಿಲ್ಲ, ಹುಡುಗ ನೋಡಲು ಲಕ್ಷಣವಾಗಿದ್ದಾನೆ. ಎರಡು ವರ್ಷದಲ್ಲಿ ಬಂದ ಮೂರು ಸಂಬಂಧ ಒಂದಲ್ಲ ಒಂದು ನೆಪಕ್ಕೆ ಮುರಿದಿದ್ದವು. ಇದು ಕೈತಪ್ಪಬಾರದು ಎಂದು ಆರೋಗ್ಯಮ್ಮ ಮೂರು ಶುಕ್ರವಾರ ಶಿಲುಬೆಹಾದಿಯ ಪ್ರಾರ್ಥನೆಯಲ್ಲಿ ಮಗಳ ಹೆಸರು ಹೇಳಿ ಬೇಡಿಕೊಂಡಳು. ಫೋಟೋ ನೋಡಿದ ಜೆಸಿಂತಾಳೂ ಫೋಟೋವನ್ನು ವಾಪಸ್ ಕೊಡದೆ ಪುಸ್ತಕದೊಳಗೆ ಇಟ್ಟುಕೊಂಡಿದ್ದಳು. ಒಂದೇ ಒಂದು ಸಂಗತಿ ಇನ್ನಾಸಪ್ಪ ಹೆಂಡತಿಗೆ ಗಂಡಿನವರು ಬರುವವರೆಗೂ ಹೇಳಿರಲಿಲ್ಲ: ಚೌರಪ್ಪನದು ಮಂಡಿಪೇಟೆಯಲ್ಲಿ ಟೀವಿ ಅಂಗಡಿ.

ಅಂಗಡಿಗೆ ರಜೆ ಇರುವುದು ಭಾನುವಾರ, ಅವರು ಬಂದದ್ದೂ ಭಾನುವಾರವೇ. ಟೀವಿ ಮುಚ್ಚಿದ ಮೂವತ್ಮೂರನೆಯ ದಿನ. ಅವತ್ತೇ ಇಂಡಿಯಾದ ಮ್ಯಾಚು.

ಚೌರಪ್ಪ, ಅವನ ಹೆಂಡತಿ, ಬೆನೆಡಿಕ್ಟ್ ಮೂವರೂ ಒಳಗೆ ಬಂದು ಕೂತರು. ಪಾನಕ ಬಂತು, ಅವಲಕ್ಕಿ ಬಂತು, ಜೆಸಿಂತಾಳೂ ಬಂದು ಕೂತಳು. ಹವಾಮಾನದ ಮಾತಾಯಿತು, ಬಸ್ಸಿನ ಮಾತಾಯಿತು. ಆಮೇಲೆ ಏನು ಮಾಡುವುದೆಂದು ಯಾರಿಗೂ ತಿಳಿಯಲಿಲ್ಲ. ಹೆಣ್ಣು ನೋಡಲು ಹೋದ ಮನೆಗಳಲ್ಲಿ ಇಂಥ ಹೊತ್ತಿಗೆ ಟೀವಿ ಇರುತ್ತದೆ. ಕಣ್ಣಿಡಲು ಒಂದು ಜಾಗವಾಗುತ್ತದೆ. ಇಲ್ಲಿ ಆರು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂರಬೇಕಾಯಿತು. ಬೆನೆಡಿಕ್ಟ್ ಕೈಗಡಿಯಾರ ನೋಡಿಕೊಂಡ. ಒಂದು ಸಲವಲ್ಲ, ನಾಲ್ಕು ಸಲ.

"ಅದೇನ್ರಿ ಮೂಲ್ಯಾಗೆ ಮುಸುಕು ಹಾಕಿರೋದು?" ಎಂದ ಚೌರಪ್ಪ.

"ಟೀವಿ ರೀ, ಬೀಗರೆ" ಎಂದ ಇನ್ನಾಸಪ್ಪ, ಇನ್ನೂ ಬೀಗರಾಗದವನಿಗೆ. "ಇವಳದೊಂದು ಹರಕೆ. ತಪಸ್ಸುಕಾಲ ಅಲ್ರಿ?"

ಚೌರಪ್ಪನ ಮುಖದ ನಗು ಇಳಿಯಿತು. "ನಮ್ಮ ಅನ್ನಕ್ಕ ಹೆಣದ ಬಟ್ಟಿ ಹೊದಿಸಿ ನಮ್ಮನ್ನ ಕರೆಸೀರಲ್ರಿ. ನಾನೇನು ಹೆಂಡದ ಅಂಗಡಿ ಇಟ್ಟೀನಾ?"

ಆರೋಗ್ಯಮ್ಮನಿಗೆ ವಿಷಯ ತಿಳಿದದ್ದು ಆಗ. ಗಂಡನ ಕಡೆ ನೋಡಿದಳು, ಗಂಡ ತಾರಸಿ ನೋಡಿದ. ಅವಳು ಸಾವರಿಸಿಕೊಂಡು ಹೇಳಿದಳು: "ತಪ್ಪು ತಿಳಿಬ್ಯಾಡ್ರಿ ಅಣ್ಣಾರೆ. ನಿಮ್ಮ ಕಸುಬಿಗೆ ಅಂದಿದ್ದಲ್ಲ ಇದು. ನಮ್ಮ ಮನಿ ಜಪ ಕೆಟ್ಟಿತ್ತು, ಅದಕ್ಕ. ಪಾಸ್ಕ ಆದಮ್ಯಾಲೆ ಬರ್ರಿ, ನಾನೇ ಹಾಕಿ ಕೊಡ್ತೀನಿ."

"ಇವತ್ತು ಭಾನುವಾರ. ಉಪವಾಸ ಇಲ್ಲ. ನನಗೂ ಶಾಸ್ತ್ರ ಗೊತ್ತೈತೆ."

"ನಾನೂ ಅದನ್ನೇ ಹೇಳ್ದೆ!" ಎಂದ ಇನ್ನಾಸಪ್ಪ, ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಂತೆ.

"ಹಂಗಾದ್ರ ಹಾಕ್ರಿ. ಹುಡುಗ ಸ್ಕೋರ್ ಎಷ್ಟಾತು ಅಂತ ಒದ್ದಾಡಾಕ ಹತ್ಯಾನ. ಬಂದೋರ ಮಾತಿಗೆ ಇಷ್ಟೂ ಬೆಲಿ ಇಲ್ಲದ ಮನ್ಯಾಗೆ ನಾವು ಮುಂದಿನ ಮಾತು ಹೆಂಗೆ ಆಡೋದು?"

ಬಾಗಿಲಲ್ಲಿ ಮೊರ ಹಿಡಿದು ನಿಂತಿದ್ದ ಗುರುಶಾಂತಮ್ಮ ಅಲ್ಲಿಂದಲೇ ಹಿಂದೆ ಸರಿದರು.

ಆರೋಗ್ಯಮ್ಮ ಕೂತಲ್ಲೇ ಸುಟ್ಟುಹೋದಳು. ತನ್ನೊಬ್ಬಳದಾಗಿದ್ದರೆ ಈ ಮನುಷ್ಯನಿಗೆ ಬಾಗಿಲು ತೋರಿಸಿ ಎರಡು ನಿಮಿಷವಾಗಿರುತ್ತಿತ್ತು. ಆದರೆ ಪುಸ್ತಕದೊಳಗಿದ್ದ ಫೋಟೋ ಅವಳಿಗೆ ಗೊತ್ತಿತ್ತು. ನಿನ್ನ ಉಪವಾಸಕ್ಕೆ ನನ್ನ ಹೊಟ್ಟೆ ಯಾಕೆ ಕಟ್ಟುತ್ತಿ ಎಂದು ಮಗಳು ಕೇಳಿದ್ದಕ್ಕೆ ಮೂವತ್ತು ದಿನದಿಂದ ಉತ್ತರ ಹುಡುಕಿದ್ದಳು, ಸಿಕ್ಕಿರಲಿಲ್ಲ. ತಾನು ಹೊತ್ತ ಹರಕೆಗೆ ಮಗಳ ಬಾಳು ತೆರಬೇಕೆ? ಕಿಟಕಿಯ ಗೂಡಿನಲ್ಲಿದ್ದ ಮಾತೆಯ ಕಡೆ ನೋಡಿದಳು. ನೀನೂ ತಾಯಿಯೇ, ತಿಳಿದುಕೋ ಅಂದುಕೊಂಡಳು.

ಎದ್ದಳು. ಟೀವಿಯ ಹಿಂದಿನ ಗಂಟು ಬಿಚ್ಚಿದಳು. ಸೀರೆ ಕೆಳಗೆ ಬಿತ್ತು, ಗಾಜಿನಲ್ಲಿ ಆರು ಜನರ ನೆರಳು ಕಂಡಿತು. ಬಗ್ಗಿ ಪ್ಲಗ್ ಕೈಗೆತ್ತಿಕೊಂಡಳು. ಬೆನೆಡಿಕ್ಟ್ ಆಗಲೇ ಕುರ್ಚಿಯನ್ನು ಟೀವಿಯ ಕಡೆಗೆ ತಿರುಗಿಸಿದ್ದ. ಜೆಸಿಂತಾ ಕೂತಿದ್ದ ಕಡೆಗೆ ಅವನ ಬೆನ್ನಾಯಿತು.

"ಕೊಡಿಲ್ಲಿ" ಅಂದಳು ಜೆಸಿಂತಾ.

ತಾಯಿಯ ಕೈಯಿಂದ ಪ್ಲಗ್ ತೆಗೆದುಕೊಂಡಳು. ಮಗಳೇ ಹಾಕುತ್ತಾಳೆ ಎಂದುಕೊಂಡಳು ಆರೋಗ್ಯಮ್ಮ. ಜೆಸಿಂತಾ ಹಾಕಲಿಲ್ಲ. ಪ್ಲಗ್ ಕೈಯಲ್ಲಿ ಹಿಡಿದುಕೊಂಡೇ ಹುಡುಗನ ಕುರ್ಚಿಯ ಮುಂದೆ ಬಂದು ನಿಂತಳು.

"ನೀವು ನನ್ನ ನೋಡಾಕ ಬಂದೀರೋ, ಮ್ಯಾಚ್ ನೋಡಾಕ ಬಂದೀರೋ?"

ಬೆನೆಡಿಕ್ಟ್ ಅವಳನ್ನು ಆಗ ನೋಡಿದ. ಆ ಮನೆಗೆ ಬಂದ ಮೇಲೆ ಮೊದಲ ಸಲ ನೇರವಾಗಿ ನೋಡಿದ್ದು. ಬಾಯಿ ತೆರೆದ, ಆದರೆ ಅಪ್ಪನ ಮುಖ ನೋಡಿ ಮುಚ್ಚಿದ.

"ಉತ್ತರ ಅವರದ್ದಲ್ಲ, ನಿಮ್ಮದು ಕೇಳಿದ್ದು" ಅಂದಳು ಜೆಸಿಂತಾ.

"ಏಳೋ ಬೆನ್ನಿ" ಎಂದ ಚೌರಪ್ಪ. "ಗಂಡಿಗೆ ಎದುರು ನಿಂತು ಕೇಳೋ ಹೆಣ್ಣು ನಮ್ಮ ಮನಿಗೆ ಬ್ಯಾಡ."

"ಬ್ಯಾಡಂದ್ರ ಬ್ಯಾಡ್ರಿ" ಅಂದಳು ಹುಡುಗಿ. "ಬಸ್‌ಸ್ಟ್ಯಾಂಡಿನ ಹೋಟ್ಲಾಗೆ ಟೀವಿ ಐತೆ. ಬೇಗ ಹೋದ್ರ ಕೊನಿ ಓವರ್ ಸಿಗ್ತಾವು."

ಚೌರಪ್ಪನ ಹೆಂಡತಿ ಒಬ್ಬಳೇ ಹೊಸ್ತಿಲಲ್ಲಿ ತಿರುಗಿ ನೋಡಿದಳು. ಮೂವರೂ ಹೋದರು.

ಇನ್ನಾಸಪ್ಪ ತಲೆ ಮೇಲೆ ಕೈ ಹೊತ್ತು ಕೂತ. "ತಾಯಿ ಒಂದು ಕಡಿ, ಮಗಳು ಒಂದು ಕಡಿ, ನನ್ನ ಮಾನ ಹರಾಜು ಹಾಕಿದ್ರಿ" ಎಂದು ಸಂಜೆಯವರೆಗೂ ಗೊಣಗಿದ. ಗೊಣಗುತ್ತಲೇ ಅವಲಕ್ಕಿ ಪೂರ್ತಿ ತಿಂದ. ಟೀವಿ ಮುಸುಕಿಲ್ಲದೆ ಮೂಲೆಯಲ್ಲಿ ಕೂತಿತ್ತು, ಕೈ ಚಾಚಿದರೆ ಸಾಕಿತ್ತು. ಅವನು ಚಾಚಲಿಲ್ಲ. ಅದಕ್ಕೆ ಶಾಸ್ತ್ರದಲ್ಲಿ ಕಾರಣವೇನಿತ್ತೋ ಅವನೇ ಬಲ್ಲ.

ಏಳೂವರೆಗೆ ಆರೋಗ್ಯಮ್ಮ ದೀಪ ಹಚ್ಚಿದಳು. ಜೆಸಿಂತಾ ನೆಲದ ಮೇಲಿದ್ದ ನೇರಳೆ ಸೀರೆ ಎತ್ತಿ ಝಾಡಿಸಿ ಟೀವಿಗೆ ಹೊದಿಸುತ್ತಿದ್ದಳು. ಹಿಂದೆ ಗಂಟು ಹಾಕುವಾಗ ಬೇಕಾದದ್ದಕ್ಕಿಂತ ಜೋರಾಗಿ ಎಳೆದಳು.

ಆರೋಗ್ಯಮ್ಮನಿಗೆ ತಡೆಯಲಾಗಲಿಲ್ಲ. "ನನ್ನ ಮ್ಯಾಲೆ ಸಿಟ್ಟೈತೇನವ್ವ?"

"ಐತೆ."

"ನನ್ನ ಹರಕಿಯಿಂದ ಹಿಂಗಾತು. ನನಗೆ ಗೊತ್ತು."

"ಹರಕಿಗಲ್ಲ ಸಿಟ್ಟು." ಮಗಳು ತಿರುಗಿದಳು. ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿಯಿತ್ತು. "ಮೂವತ್ತು ದಿನ ನಾನು ಅತ್ತೆ, ಕೂಗಾಡಿದೆ, ನಿನ್ನ ಜೊತಿ ಮಾತು ಬಿಟ್ಟೆ. ನನಗ ಬಿಚ್ಚಲಿಲ್ಲ ನೀನು. ಆತು, ನಮ್ಮವ್ವ ಗಟ್ಟಿಗಿತ್ತಿ ಅಂದ್ಕಂಡೆ. ಅವನ್ಯಾರೋ ಅರ್ಧ ತಾಸು ಕೂತು ಕಣ್ಣು ಬಿಟ್ಟಿದ್ದಕ್ಕ ಎದ್ದು ಗಂಟು ಬಿಚ್ಚಿದ್ಯಲ್ಲ, ಅದಕ್ಕ ಸಿಟ್ಟು."

ಆಗಲೇ ಬಂದು ಕೂತು ಹುಣಸೆ ಬಿಡಿಸುತ್ತಿದ್ದ ಗುರುಶಾಂತಮ್ಮ ಮೊರದಿಂದ ತಲೆ ಎತ್ತದೆ "ಸರಿಯಾಗಿ ಹೇಳ್ತು ಹುಡುಗಿ" ಅಂದರು.

ಜೆಸಿಂತಾ ಕಿಟಕಿಯ ಗೂಡಿನ ಕಡೆ ಮುಖ ಮಾಡಿ ಮೊಣಕಾಲೂರಿದಳು. ಜಪಸರ ಯಾವಾಗಲೂ ಇನ್ನಾಸಪ್ಪನೇ ಶುರು ಮಾಡುವುದು. ಅಂದು ಅವನು ಬಾಯಿ ತೆರೆಯುವ ಮೊದಲೇ ಮಗಳು ಶುರು ಮಾಡಿದಳು, ಓಣಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ. "ಪಾಪಿಗಳಾದ ನಮಗಾಗಿ" ಎಂಬಲ್ಲಿಗೆ ಬಂದಾಗ ತಾಯಿಯ ಕಡೆ ಒಮ್ಮೆ ಓರೆಗಣ್ಣಿನಿಂದ ನೋಡಿ ಮುಂದಕ್ಕೆ ಹೋದಳು. ಆರೋಗ್ಯಮ್ಮ ತಲೆ ತಗ್ಗಿಸಿ ಆಮೆನ್ ಅಂದಳು.