ಗೋಡೆಗೇರಿದ ಸೈಕಲ್ಲು

ನನ್ನ ಗಂಡ ಬೆಲಾರ್ಮಿನೊ ಬೆದರುಬೊಂಬೆಯನ್ನು "ನಮಸ್ಕಾರ, ಹೇಗಿದ್ದೀಯಪ್ಪ?" ಎಂದು ಮಾತಾಡಿಸಿದ ದಿನ ನನಗೆ ಅವನ ಕಣ್ಣಿನ ಸಂಗತಿ ಗೊತ್ತಾಯಿತು. ನನ್ನ ಗೆಳತಿ ಕಾಸ್ತಾಳ ಬಟಾಣಿ ಹೊಲದ ಬೊಂಬೆ ಅದು, ತಲೆಗೆ ಅವಳ ಸತ್ತ ಗಂಡನ ಟೋಪಿ. ಉತ್ತರ ಬರಲಿಲ್ಲವೆಂದು ಇವನಿಗೆ ಸಿಟ್ಟು ಬೇರೆ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಮನೆಗೆ ಬಂದ ಮೇಲೆ ಅಡುಗೆಮನೆಯ ಬಾಗಿಲು ಹಾಕಿಕೊಂಡು ಅತ್ತೆ.

ಕಣ್ಣಿನ ನಡುಭಾಗ ಸವೆದುಹೋಗಿದೆ, ಅಂಚಿನಲ್ಲಷ್ಟೇ ಚೂರು ಬೆಳಕು ಉಳಿದಿದೆ, ಇನ್ನು ಸರಿಹೋಗುವ ಮಾತಿಲ್ಲ ಎಂದರು ಟೆರುಯೆಲ್ ಪಟ್ಟಣದ ಡಾಕ್ಟರು. ಒಂದು ವರ್ಷದಿಂದ ಮುಚ್ಚಿಟ್ಟಿದ್ದನಂತೆ ಮಹಾನುಭಾವ! ಆ ವರ್ಷವಿಡೀ ಪ್ರತಿ ಭಾನುವಾರ ತನ್ನ ನೀಲಿ ಸೈಕಲ್ಲು ಹತ್ತಿ ಬೆಟ್ಟಕ್ಕೆ ಹೋಗಿಬಂದಿದ್ದಾನೆ. ಜೀವ ಉಳಿದದ್ದು ಹಳೆಯ ರೈಲುದಾರಿಯ ಪುಣ್ಯ.

ರೈಲು ನಿಂತು ಐವತ್ತು ವರ್ಷವಾಯಿತು. ಹಳಿ ಕಿತ್ತುಕೊಂಡು ಹೋದರು. ಆಮೇಲೆ ಯಾರೋ ಬುದ್ಧಿ ಇರುವವರು ಆ ದಾರಿಗೆ ಸಣ್ಣ ಜಲ್ಲಿ ಹಾಸಿ, ಸೈಕಲ್ಲಿನವರಿಗೂ ನಡೆಯುವವರಿಗೂ ಬಿಟ್ಟುಕೊಟ್ಟರು. ಕಾರು ನುಗ್ಗಬಾರದೆಂದು ಹೊಲದ ದಾರಿ ಅಡ್ಡ ಬರುವಲ್ಲೆಲ್ಲ ಮರದ ಗೂಟ ನೆಟ್ಟಿದ್ದಾರೆ. ನಮ್ಮೂರಿಂದ ಮೇಲಿನ ನಿಲ್ದಾಣಕ್ಕೆ ಹದಿನೆಂಟು ಕಿಲೋಮೀಟರು, ಪೂರಾ ಏರು. ಆದರೆ ಉಗಿಬಂಡಿಗೆಂದು ಮಾಡಿದ ಏರಾದ್ದರಿಂದ, ಹತ್ತುತ್ತಿದ್ದೇವೆಂದು ಕಾಲಿಗೆ ಗೊತ್ತಾಗುವುದು ಅರ್ಧ ದಾರಿ ಕಳೆದ ಮೇಲೆ. ಎದುರಿಗೆ ಬಂದರೆ ಕುರಿಮಂದೆ ಬರಬೇಕು, ಇಲ್ಲವೇ ನಮ್ಮೂರ ಮುದುಕರ ಸೈಕಲ್ ಬಳಗ.

ಮೇಲಿನ ನಿಲ್ದಾಣ ಈಗ ಬಾರು. ಬಳಗದವರು ಹತ್ತೂವರೆಗೆ ಅಲ್ಲಿ ಕೂತರೆಂದರೆ ಕರಿದ ಮೊಟ್ಟೆ, ಸಾಸೇಜು, ಮೊಳದುದ್ದದ ಬ್ರೆಡ್ಡು, ಆಲಿವ್ ಕಾಯಿ, ವೈನು, ಕೊನೆಗೆ ಬ್ರಾಂದಿ ಬೆರೆಸಿದ ಕಾಫಿ. ಸೈಕಲ್ಲು ಬರೀ ನೆಪ ಎಂದು ಊರ ಹೆಂಗಸರಿಗೆಲ್ಲ ಗೊತ್ತು. ಅವರದೊಂದು ಪದ್ಧತಿ ಇದೆ. ಇನ್ನು ತುಳಿಯಲಾರೆ ಎಂದವನ ಸೈಕಲ್ಲನ್ನು ಆ ಬಾರಿನ ಗೋಡೆಗೆ ತೂಗುಹಾಕಿ ಕೆಳಗೆ ಅವನ ಹೆಸರು ಬರೆಯುತ್ತಾರೆ. ಏರಿದ ಸೈಕಲ್ಲು ಇಳಿಯುವುದಿಲ್ಲ. ಆಗ ಆರು ಇದ್ದವು. ಆ ಆರು ಸೈಕಲ್ಲಿನವರಲ್ಲಿ ಐದು ಜನ ಎರಡು ವರ್ಷ ತುಂಬುವುದರೊಳಗೆ ಸ್ಮಶಾನ ಸೇರಿದರು. ಆರನೆಯವನು ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಬೀದಿ ನೋಡುತ್ತಿರುತ್ತಾನೆ.

ಬಳಗದ ಯಜಮಾನ ಲಿಬೋರಿಯೊ ಮಾರ್ಚಿಯಲ್ಲಿ ಮನೆಗೆ ಬಂದ.

"ಬೆಲಾರ್ಮಿನೊ, ಮೇ ತಿಂಗಳ ಕೊನೇ ಭಾನುವಾರ ಇಟ್ಕೊಳ್ಳೋಣ್ವಾ?" ಎಂದ, ಮದುವೆಗೆ ದಿನ ಗೊತ್ತುಮಾಡುವವನ ಹಾಗೆ.

"ಇಟ್ಕೊಳ್ಳಿ," ಎಂದ ನನ್ನ ಗಂಡ, ಮೇಜು ನೋಡುತ್ತಾ.

"ಏನು ಇಟ್ಕೊಳ್ಳೋದು? ಮೊಳೆ ಹೊಡೆಯಕ್ಕೆ ಅಷ್ಟು ಅವಸರ ಇದ್ರೆ ನಿನ್ ಸೈಕಲ್ಲೇ ಏರಿಸ್ಕೋ ಹೋಗು!" ಎಂದೆ ನಾನು.

"ನೀನ್ಯಾಕೆ ಕೂಗಾಡ್ತೀಯ ಎಂಗ್ರಾಸಿಯಾ? ನಿಂಗೆ ತುಳಿಯಕ್ಕೇ ಬರಲ್ಲ."

ಅದು ನಿಜ. ನಮ್ಮ ಕಾಲದಲ್ಲಿ ಹುಡುಗಿಯರಿಗೆ ಸೈಕಲ್ಲು ಕಲಿಸುತ್ತಿರಲಿಲ್ಲ, ಮೊಣಕಾಲು ಕಾಣುತ್ತದೆಂದು. ಅಣ್ಣಂದಿರಿಗೆ ಸೈಕಲ್ಲು ಬಂತು, ನನಗೆ ಹೊಲಿಗೆ ಯಂತ್ರ. ನಾನೂ ತುಳಿದೆ, ಕೂತಲ್ಲೇ, ಐವತ್ತು ವರ್ಷ. ಲಿಬೋರಿಯೊ ಹೋದ ಮೇಲೆ ಬೆಲಾರ್ಮಿನೊ ಆ ಸಂಜೆಯಿಡೀ ಕುರ್ಚಿಯನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡು ಕೂತ. ಮಾರನೆಯ ದಿನವೇ ಕಾಸ್ತಾಳ ಬಾಗಿಲು ಬಡಿದೆ.

ಕಾಸ್ತಾ ಹರೆಯದಲ್ಲಿ ದ್ರಾಕ್ಷಿ ಕೊಯ್ಲಿಗೆ ಫ್ರಾನ್ಸಿಗೆ ಹೋಗುತ್ತಿದ್ದವಳು, ಸೈಕಲ್ಲು ಅಲ್ಲೇ ಕಲಿತವಳು. ಮಧ್ಯಾಹ್ನ ಊಟವಾಗಿ ಊರಿಗೆ ಊರೇ ಮಲಗಿದಾಗ, ನಾಯಿಯೂ ಬೊಗಳದ ಹೊತ್ತಿನಲ್ಲಿ, ನಾವಿಬ್ಬರೂ ಅವಳ ಸೈಕಲ್ಲು ತಳ್ಳಿಕೊಂಡು ರೈಲುದಾರಿಗೆ ಕಳ್ಳಿಯರಂತೆ ಹೋಗುತ್ತಿದ್ದೆವು. ಅವಳು ನನ್ನ ಸೊಂಟಕ್ಕೆ ಟವೆಲು ಸುತ್ತಿ ಹಿಂದಿನಿಂದ ಹಿಡಿದುಕೊಳ್ಳುತ್ತಿದ್ದಳು.

"ಚಕ್ರ ನೋಡ್ಬೇಡ್ವೇ, ದಾರಿ ನೋಡು! ಚಕ್ರ ಎಲ್ಲೂ ಓಡಿಹೋಗಲ್ಲ!"

"ಕೈ ಬಿಡ್ಬೇಡ ಮತ್ತೆ!"

"ಬಿಟ್ಟು ಆಗ್ಲೇ ಹತ್ತು ಮಾರಾಯ್ತು!"

ಅದು ಕಿವಿಗೆ ಬಿದ್ದದ್ದೇ ತಡ, ನಾನು ರೋಸ್‌ಮೇರಿ ಪೊದೆಯೊಳಗಿದ್ದೆ. ಎರಡು ತಿಂಗಳಲ್ಲಿ ಆ ದಾರಿಯ ಪೊದೆಗಳೆಲ್ಲ ನನಗೆ ಮೈಮುಟ್ಟಿ ಪರಿಚಯವಾದವು.

"ದಿನಾ ಸಂಜೆ ಏನೇ ರೋಸ್‌ಮೇರಿ ವಾಸನೆ?" ಎಂದು ಕೇಳುತ್ತಿದ್ದ ಬೆಲಾರ್ಮಿನೊ.

"ಮೊಲ ಬೇಯಿಸ್ತಿದ್ದೆ."

"ಮೊಲ ಎಲ್ಲಿ?"

"ಓಡೋಯ್ತು."

ಕಣ್ಣು ಹೋದವನಿಗೆ ಮೂಗು ಹೋಗಿರುವುದಿಲ್ಲ ಎಂಬುದನ್ನು ನಾನು ಮರೆತಿದ್ದೆ. ಆದರೂ ಅವನು ಮುಂದೆ ಕೇಳಲಿಲ್ಲ. ಕಾಸ್ತಾಳ ಅಳಿಯ ವಲೆನ್ಸಿಯಾದಿಂದ ಎರಡು ಸೀಟಿನ ಸೈಕಲ್ಲೊಂದನ್ನು ತಂದುಕೊಟ್ಟ. ಮುಂದಿನವರ ಕೈಲಿ ಹ್ಯಾಂಡಲ್ಲು, ಬ್ರೇಕು. ಹಿಂದಿನವರು ತುಳಿದರಾಯಿತು.

ಮೇ ಕೊನೆಯ ಆ ಭಾನುವಾರ ಬೆಳಿಗ್ಗೆ ಲಿಬೋರಿಯೊ ನೀಲಿ ಸೈಕಲ್ಲನ್ನು ತನ್ನ ವ್ಯಾನಿಗೆ ಏರಿಸಿದ. ನಡಿ, ಮುಂದೆ ಕೂತ್ಕೋ ಎಂದು ಬೆಲಾರ್ಮಿನೊನ ತೋಳು ಹಿಡಿದ. "ಇವನು ನನ್ ಜೊತೆ ಬರ್ತಾನೆ, ನೀನ್ ನಡಿ," ಎಂದು ನಾನು ಅವನ ತೋಳು ಬಿಡಿಸಿದೆ. ವ್ಯಾನು ಹೋದ ಮೇಲೆ ದೊಡ್ಡ ಸೈಕಲ್ಲನ್ನು ಕೊಟ್ಟಿಗೆಯಿಂದ ಹೊರಗೆ ತಂದೆ. ಬೆಲಾರ್ಮಿನೊ ಕೈಯಾಡಿಸಿದ. ಹ್ಯಾಂಡಲ್ಲು, ಸೀಟು, ಮತ್ತೆ ಹ್ಯಾಂಡಲ್ಲು, ಮತ್ತೆ ಸೀಟು.

"ಹಿಂದೆ ಹತ್ತು," ಎಂದೆ.

"ಮುಂದೆ ಯಾರು?"

"ನಾನು."

ಅವನು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡ. "ಕೊನೇ ಪ್ರಾರ್ಥನೆಗೆ ಪಾದ್ರಿಗೆ ಹೇಳಿದ್ಯಾ?" ಎಂದ. ಆದರೂ ಹತ್ತಿದ.

ಈಗ ಒಂದು ಮಾತು ಹೇಳಬೇಕು. ನಾನು ವಾಚಾಳಿ, ಇಲ್ಲವೆನ್ನುವುದಿಲ್ಲ. ಮದುವೆಯಾಗಿ ನಲವತ್ತು ವರ್ಷವಾದ ದಿನ ಈ ಮನುಷ್ಯ ಎಲ್ಲರೆದುರು ಲೋಟ ಎತ್ತಿ, "ನಾನು ಬೆಟ್ಟಕ್ಕೆ ಹೋಗೋದು ಕಿವಿಗೆ ರಜ ಕೊಡೋಕೆ" ಎಂದಿದ್ದ. ಜನ ನಕ್ಕರು, ನನಗೆ ಅದು ಮುಳ್ಳಿನ ಹಾಗೆ ಒಳಗೇ ಉಳಿಯಿತು. ಈಗ ನೋಡಿ, ಅದೇ ಬಾಯಿ ಅವನಿಗೆ ಕಣ್ಣಾಗಬೇಕಿತ್ತು.

"ಎಡಗಡೆ ಬಾದಾಮಿ ತೋಪು, ಕಾಯಿ ಬಲಿತಿದೆ. ಮುಂದೆ ಜಲ್ಲಿ ಸಡಿಲ, ಗಟ್ಟಿ ಹಿಡ್ಕೋ. ಗೂಟ ಬಂತು, ಮೊಣಕೈ ಒಳಗೆ! ಹಾಂ, ದಾಟ್ತು. ಬಲಗಡೆ ಕುರುಬನ ಮನೆ. ಅವನ ಹೆಂಡ್ತಿ ಪರದೆ ಬದಲಾಯಿಸಿದಾಳೆ, ಹಳದಿ. ಅಯ್ಯೋ ದೇವ್ರೇ, ಹಳದಿ ಅಂದ್ರೆ ಹಳದಿ!"

ಅವನು ಹಿಂದಿನಿಂದ ಉಸಿರುಗಟ್ಟಿ ನಕ್ಕಿದ್ದು ಪೆಡಲ್ಲಿನಲ್ಲೇ ನನ್ನ ಪಾದಕ್ಕೆ ಗೊತ್ತಾಯಿತು. ಅವನ ಕಾಲು! ಏರಿನಲ್ಲಿ ನಾನು ಸೋತಾಗಲೆಲ್ಲ ಆ ಕಾಲು ಹಿಂದಿನಿಂದ ಎತ್ತಿ ಕೊಡುತ್ತಿತ್ತು. ಇಂಥ ಕಾಲಿರುವವನ ಸೈಕಲ್ಲನ್ನು ಗೋಡೆಗೆ ಹಾಕುತ್ತಾರಂತೆ!

ಎತ್ತರದ ಸೇತುವೆಗೆ ಬಂದೆವು. ಕೆಳಗೆ ಕಣಿವೆ, ಎದುರಿಗೆ ರಣಹದ್ದುಗಳ ಬಂಡೆ.

"ಒಂಚೂರು ಬಾಯಿ ಮುಚ್ಚೇ," ಎಂದ. "ಹದ್ದಿನ ರೆಕ್ಕೆ ಶಬ್ದ ಕೇಳ್ಬೇಕು."

ಅಷ್ಟೇ. ಹಳೆಯ ಮುಳ್ಳು ಒಳಗೆ ತಿರುಗಿತು. ಸರಿ, ಮುಚ್ಚಿದೆ. ಸೇತುವೆ ಮುಗಿಯಿತು, ಮುಚ್ಚಿಯೇ ಇದ್ದೆ. ಸುರಂಗ ಮುಗಿಯಿತು, ಮುಚ್ಚಿಯೇ ಇದ್ದೆ. ಅದರಾಚೆ ಗೂಟ ಬಂದವು. ನಾನು ನೆಟ್ಟಗೆ ನಡುವೆ ತೂರಿಸಿದೆ, ಮೊಣಕೈ ಎಂದು ಮಾತ್ರ ಹೇಳಲಿಲ್ಲ. ಅವನ ಮೊಣಕೈ ಧಡ್ ಎಂದು ಗೂಟಕ್ಕೆ ಬಡಿಯಿತು, ಸೈಕಲ್ಲು ಅಡ್ಡ ತಿರುಗಿತು, ಇಬ್ಬರೂ ಜಲ್ಲಿಯ ಮೇಲೆ ಬಿದ್ದೆವು.

"ಎಂಗ್ರಾಸಿಯಾ? ಎಲ್ಲಿದೀಯೇ?" ಅವನು ಮಂಡಿಯೂರಿ ಜಲ್ಲಿಯ ಮೇಲೆ ಕೈಯಾಡಿಸುತ್ತಿದ್ದ, ನಾನು ಬಿದ್ದಿದ್ದ ಕಡೆಗಲ್ಲ, ಬೇರೆ ಕಡೆಗೆ. "ಮಾತಾಡೇ! ಮಾತಾಡೇ ಪುಣ್ಯಾತ್ಗಿತ್ತಿ!"

ನಾನು ಎರಡು ಉಸಿರಿನಷ್ಟು ಹೊತ್ತು ಮಾತಾಡಲಿಲ್ಲ. ಹಟ. ಆಗ ಅವನ ಮುಖ ನೋಡಿದೆ. ಅಂಥ ಭಯವನ್ನು ಆ ಮುಖದಲ್ಲಿ ನಾನು ಯಾವತ್ತೂ ಕಂಡಿರಲಿಲ್ಲ. ಆ ಎರಡು ಉಸಿರಿಗಾಗಿ ಇವತ್ತಿಗೂ ನನ್ನನ್ನು ನಾನೇ ಬೈದುಕೊಳ್ಳುತ್ತೇನೆ.

"ಇಲ್ಲೇ ಇದೀನಿ ಕಣೋ. ಮಂಡಿ ತರಚಿದೆ ಅಷ್ಟೆ. ನಂದೇ ತಪ್ಪು."

ಅವನು ನನ್ನ ಕೈ ಹುಡುಕಿ ಹಿಡಿದುಕೊಂಡ. "ಇನ್ಮೇಲೆ ನಾನು ಬೇಡ ಅಂದ್ರೂ ನಿಲ್ಲಿಸ್ಬೇಡ," ಎಂದ.

ಬಾರು ಸೇರಿದಾಗ ಹನ್ನೊಂದು ದಾಟಿತ್ತು. ಬಳಗದವರು ಬಾಯಲ್ಲಿ ಬ್ರೆಡ್ಡು ಇಟ್ಟುಕೊಂಡೇ ಎದ್ದು ನಿಂತರು. ಗೋಡೆಯಲ್ಲಿ ಏಳನೆಯ ಕೊಕ್ಕೆ ಹೊಳೆಯುತ್ತಿತ್ತು. ಲಿಬೋರಿಯೊ ಏಣಿಯ ಮೇಲಿದ್ದ. ಕೆಳಗೆ ನೀಲಿ ಸೈಕಲ್ಲು.

"ಇಳಿಯೋ ಕೆಳಗೆ!" ಎಂದೆ. "ತುಳಿಯಕ್ಕಾಗದೋರದು ತಾನೇ ಗೋಡೆಗೆ ಹಾಕೋದು? ಹದಿನೆಂಟು ಕಿಲೋಮೀಟರು ತುಳ್ಕೊಂಡು ಬಂದಿದಾನೆ. ನೋಡು, ಅಂಗಿ ಹಿಂಡಿದ್ರೆ ಒಂದು ಬಕೆಟ್ ನೀರು ಬರುತ್ತೆ!"

ಲಿಬೋರಿಯೊ ತಲೆ ಕೆರೆದುಕೊಂಡ. "ಹೌದಪ್ಪ, ಅದೂ ಸರಿನೇ," ಎಂದು ಒಂದು ಮೆಟ್ಟಿಲು ಇಳಿದ.

ಬೆಲಾರ್ಮಿನೊ ಮೆಲ್ಲಗೆ ಹೋಗಿ ನೀಲಿ ಸೈಕಲ್ಲಿನ ಬೆನ್ನು ತಟ್ಟಿದ, ಹಳೆಯ ಕುದುರೆಯನ್ನು ತಟ್ಟುವ ಹಾಗೆ. "ಹಾಕು ಲಿಬೋರಿಯೊ," ಎಂದ.

ನಾನು ಕೂಗಿಬಿಟ್ಟೆ. "ಇದಕ್ಕಾ ನಾನು ಎರಡು ತಿಂಗಳು ಪೊದೇಲಿ ಬಿದ್ದು ಹೊರಳಿದ್ದು? ಇದು ಗೋಡೆ ಹತ್ತಬಾರದು ಅಂತಲ್ವೇನೋ?"

"ನಂಗೊತ್ತು, ಮೊಲ ಅಷ್ಟು ದಿನ ಬೇಯಲ್ಲ," ಎಂದ ಅವನು. ನನ್ನ ಧ್ವನಿಯ ಕಡೆಗೆ ಮುಖ ತಿರುಗಿಸಿದ. "ಆದ್ರೆ ಇದು ನಂಗೆ ಇನ್ಯಾಕೆ? ಒಂದೇ ಸೀಟು. ನೀನೆಲ್ಲಿ ಕೂರ್ತೀಯ?"

ಲಿಬೋರಿಯೊ ಮೂಗು ಸೀಟಿಕೊಂಡು ಏಣಿ ಹತ್ತಿ ಕೆಲಸ ಮುಗಿಸಿದ. ನನಗೆ ಮೊಟ್ಟೆ ಇಳಿಯಲಿಲ್ಲ, ವೈನು ಮಾತ್ರ ಇಳಿಯಿತು.

ವಾಪಸು ಪೂರಾ ಇಳಿಜಾರು. ಸುರಂಗ, ಸೇತುವೆ ದಾಟಿದೆವು. ಗೂಟ ಬಂದಲ್ಲಿ "ಮೊಣಕೈ" ಎನ್ನುವುದು ಬಿಟ್ಟರೆ ನನಗೆ ಬೇರೆ ಮಾತು ಹೊರಡಲಿಲ್ಲ. ಗಾಳಿಗೆ ಕಣ್ಣೀರು ಕಿವಿಯ ಕಡೆಗೆ ಹರಿಯುತ್ತಿತ್ತು.

"ಏನಾಯ್ತೇ, ರೇಡಿಯೋ ಕೆಟ್ಟೋಯ್ತಾ?" ಎಂದ ಹಿಂದಿನಿಂದ.

"ಕಾಸ್ತಾ ಹೊಲ ಬಂತು," ಎಂದೆ. "ಬಟಾಣಿ ಕಿತ್ತಿದಾಳೆ. ಬೊಂಬೆ ಒಂದೇ ನಿಂತಿದೆ."

ಅವನು ಒಂದು ಕೈ ಎತ್ತಿ, ಬಲಗಡೆಗೆ ತಿರುಗಿ, ಬೆಟ್ಟಕ್ಕೆಲ್ಲ ಕೇಳುವ ಹಾಗೆ ಕೂಗಿದ. "ನಮಸ್ಕಾರ, ಹೇಗಿದ್ದೀಯಪ್ಪ?"

"ಎಡಗಡೆ ಕಣೋ," ಎಂದೆ. "ಇನ್ನೊಂದ್ಸಲ ಹೇಳು."